ಆಯಿಯ ಬದಿಯ ಚಕ್ರ

ಹೊಳನಗದ್ದೆಯ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೋಣೆ ಕಾರಿನದು. ಅಜ್ಜಿ, ಅಪ್ಪ, ಆಯಿ, ಅಕ್ಕ ಮತ್ತು ನಾನು ಉಳಿದ ಜಾಗದಲ್ಲಿ ಹೇಗೋ ಹೊಂದಿಕೊಂಡಿದ್ದೆವು. ಜಗಲಿಯ ಪಕ್ಕದಲ್ಲಿ ಚಿರೆಕಲ್ಲಿನ ಗೋಡೆ ಎಬ್ಬಿಸಿ, ಹೊಸ ಹಂಚು ಹೊದೆಸಿ, ನೆಲಕ್ಕೆ ಸಿಮೆಂಟು ಹಾಕಿಸಿ ಅಪ್ಪ ಆ ಕೋಣೆ ಕಟ್ಟಿಸಿದ್ದ. ಮಳೆಗಾಲದಲ್ಲಿ ನಾವು ಮಲಗುವ ಕೋಣೆಯಲ್ಲಿ ಸೋರುವಲ್ಲೆಲ್ಲ ಚರಿಗೆ, ಪಾತ್ರೆ ಇಡಬೇಕಾಗುತ್ತಿತ್ತು. ಕಾರಿನ ಮೇಲೆ ಮಾತ್ರ ಒಂದು ಹನಿ ಬಿದ್ದದ್ದಿಲ್ಲ. ಅಡುಗೆಮನೆಯ ನೆಲವಂತೂ ಸಗಣಿಯದು. ಆಗಾಗ ಸಾರಿಸಬೇಕು, ಸಾರಿಸಿದ್ದು ಒಣಗುವ ತನಕ ಯಾರೂ ಕಾಲಿಡಬಾರದು, ಆಷಾಢದಲ್ಲಿ ಅದು ಒಣಗುವುದೇ ಇಲ್ಲ. ಆಯಿಯ ಕಾಲ್ಬೆರಳ ಸಂದಿ ಮಳೆಗಾಲ ಪೂರ್ತಿ ಕೆಂಪಗೆ ಕೊಳೆತಿರುತ್ತಿತ್ತು. ನಮ್ಮ ಮನೆಯ ಜಗಳಗಳೆಲ್ಲ ಹೆಚ್ಚುಕಡಿಮೆ ಈ ಎರಡು ನೆಲಗಳ ನಡುವೆಯೇ ಹುಟ್ಟುತ್ತಿದ್ದವು.

“ಕಾರಿಗೆ ಸಿಮೆಂಟು, ನಂಗೆ ಸಗಣಿ. ನಂಗೆ ನಾಲ್ಕು ಚಕ್ರ ಇಲ್ಲ ಅಂತ ಹೀಂಗಾ?” ಎಂದು ಆಯಿ ಶುರುಮಾಡುವಳು.

“ಅದು ದುಡಿದು ತತ್ತದೆ ಮಾರಾಯ್ತಿ.”

“ನಾ ದುಡಿದದ್ದನ್ನೇ ಅಲ್ದಾ ನೀವು ಮೂರು ಹೊತ್ತೂ ಉಂಬುದು?”

ಇಲ್ಲಿಗೆ ಅಪ್ಪನ ಬಾಯಿ ಮುಚ್ಚುತ್ತಿತ್ತು. ಅಜ್ಜಿ ಎಲೆಯಡಿಕೆಯ ಕವಳ ಜಗಿಯುತ್ತ, “ಬರೋ ವರ್ಷ ಹಾಕಿಸ್ವ, ಈಗ ಇಬ್ರೂ ಸುಮ್ನಿರಿ” ಎನ್ನುವಳು. ಬರುವ ವರ್ಷ ಬಂದಾಗ ಅದು ಮತ್ತೂ ಬರುವ ವರ್ಷಕ್ಕೆ ಹೋಗುತ್ತಿತ್ತು. ಆಯಿಗೆ ಇದು ಗೊತ್ತಿತ್ತು. ಅವಳು ಜಗಳವಾಡುತ್ತಿದ್ದದ್ದು ನೆಲಕ್ಕಾಗಿ ಅಷ್ಟೇ ಅಲ್ಲ, ಅಪ್ಪನ ಬಾಯಿ ಮುಚ್ಚಿಸುವ ಖುಷಿಗೂ ಹೌದು ಎಂದು ಈಗ ಅನಿಸುತ್ತದೆ.

ಕಾರು ಬೂದು ಬಣ್ಣದ ಹಳೆಯ ಅಂಬಾಸಡರ್. ಮದುವೆಯ ದಿಬ್ಬಣಕ್ಕೆ, ಗೋಕರ್ಣಕ್ಕೆ ಹೋಗುವವರಿಗೆ, ಕುಮಟೆಯಿಂದ ಮಣಿಪಾಲಕ್ಕೆ ಒಯ್ಯಬೇಕಾದ ರೋಗಿಗಳಿಗೆ ಅಪ್ಪ ಬಾಡಿಗೆ ಹೊಡೆಯುತ್ತಿದ್ದ. ಆ ಕಾಲದಲ್ಲಿ ಹೆದ್ದಾರಿ ಎಂದರೆ ಹೆಸರಿಗೆ ಮಾತ್ರ. ಟಯರು ಬೇಗ ಸವೆಯುತ್ತಿತ್ತು. ಸವೆದರೆ ಬೇಕಾದ ಅಳತೆಯ ಹೊಸದು ಸಿಗುತ್ತಿರಲಿಲ್ಲ, ಸಿಕ್ಕಿದ್ದನ್ನು ಹೊಂದಿಸಿಕೊಳ್ಳಬೇಕು. ಭಟ್ಕಳದಲ್ಲಿ ಇಕ್ಬಾಲ್ ಸಾಹೇಬರು ಎಂಬ ಅಪ್ಪನ ಗೆಳೆಯರ ಅಂಗಡಿ ಇತ್ತು. ಅವರು ಎಲ್ಲಿಂದಲೋ ಏನನ್ನೋ ತರಿಸಿ, “ಗಣಪಣ್ಣ, ನಿಮ್ದು ಅಳತೆ ಇಲ್ಲ, ಇದು ಸ್ವಲ್ಪ ದೊಡ್ಡದು, ಆಗ್ತದಾ ನೋಡಿ, ಆಗದಿದ್ರೆ ವಾಪಸ್ ತನ್ನಿ” ಎಂದು ಕೊಡುತ್ತಿದ್ದರು. ಅದು ಆಗುತ್ತದೋ ಇಲ್ಲವೋ ಎಂದು ನೋಡುವುದು ನಮ್ಮ ಮನೆಯಲ್ಲಿ ಚೌತಿ, ದೀಪಾವಳಿಗಳ ಸಾಲಿನಲ್ಲಿ ಸೇರಬಹುದಾದ ಒಂದು ಹಬ್ಬ.

ಅಪ್ಪನದು ಒಂದೇ ಮಾತು: “ಖಾಲಿ ಕಾರಿಗೆ ಯಾವ ಟಯರಾದ್ರೂ ಆಗ್ತದೆ. ಜನ ತುಂಬಿದಾಗ ಆಗ್ಬೇಕು.” ಟಯರು ದೊಡ್ಡದಾದರೆ ಮೇಲಿನ ಮಡ್ಗಾರ್ಡಿನ ಒಳಮೈಗೆ ಹತ್ತಿರವಾಗುತ್ತದೆ, ಜನ ಕೂತು ಕಾರು ಕುಸಿದಾಗ ತಾಗುತ್ತದೆ, ತಾಗಿ ತಾಗಿ ದಾರಿಯ ನಡುವೆ ಒಡೆಯುತ್ತದೆ. ಆದ್ದರಿಂದ ಟಯರು ಬಂದ ಮರುದಿನ ಬೆಳಿಗ್ಗೆ ಅಪ್ಪ ಅಜ್ಜಿಯ ಕವಳದ ಸುಣ್ಣವನ್ನು ಕೇಳಿ ಪಡೆಯುವನು. ಅಘನಾಶಿನಿ ಹೊಳೆಯ ಬಳಚಿನ ಚಿಪ್ಪು ಸುಟ್ಟು ಮಾಡಿದ ಸುಣ್ಣ ಅದು, ಬೆಣ್ಣೆಯ ಹಾಗೆ ನುಣುಪು. ಅದನ್ನು ಹಿಂದಿನ ಎರಡು ಚಕ್ರಗಳ ಮೇಲೆ ಮಡ್ಗಾರ್ಡಿನ ಒಳಗಡೆ ಕೈಯಿಂದ ಬಳಿದು, ಡಿಕ್ಕಿಯಲ್ಲಿ ತೆಂಗಿನಕಾಯಿ ತುಂಬಿಸಿ, ನಮ್ಮನ್ನೆಲ್ಲ ಹತ್ತಿಸುವನು. ಮುಂದೆ ಅಪ್ಪನ ಪಕ್ಕ ಅಜ್ಜಿ. ಹಿಂದೆ ಎಡಗಡೆ ಆಯಿ, ನಡುವೆ ಅಕ್ಕ, ಬಲಗಡೆ ನಾನು. ಧಾರೇಶ್ವರ, ಹಳದೀಪುರ ದಾಟಿ ಹೊನ್ನಾವರದ ಶರಾವತಿ ಸೇತುವೆಯ ತನಕ ಹೋಗುವುದು. ಸೇತುವೆ ಹತ್ತುವಲ್ಲಿ ರಸ್ತೆ ಕುಸಿದು ಒಂದು ಗುದ್ದು ಇತ್ತು. ಅಲ್ಲಿ ಅಪ್ಪ ಬೇಕೆಂದೇ ಜೋರಾಗಿ ಹತ್ತಿಸುವನು. ನಾವು ನೆಗೆದು ಬೀಳುವೆವು. ಸೇತುವೆಯ ಬುಡದಲ್ಲಿ ಕಾರು ನಿಲ್ಲಿಸಿ ಹೊಳೆ ನೋಡುತ್ತ, ಆಯಿ ಕಟ್ಟಿಕೊಂಡು ಬಂದ ಕಾಯಿ ಬೆಲ್ಲದ ಅವಲಕ್ಕಿ ತಿಂದು ಹಿಂತಿರುಗುವುದು. ಮನೆಗೆ ಬಂದ ಮೇಲೆ ಅಪ್ಪ ಮಡ್ಗಾರ್ಡಿನ ಒಳಗೆ ತಲೆ ತೂರಿಸಿ ಬ್ಯಾಟರಿಯ ಬೆಳಕು ಬಿಡುವನು. ಸುಣ್ಣ ಇದ್ದ ಹಾಗೇ ಇದ್ದರೆ ಟಯರು ಆಗುತ್ತದೆ. ಒರೆಸಿಹೋಗಿ ಕರಿ ಗೀರು ಬಿದ್ದಿದ್ದರೆ ಆಗುವುದಿಲ್ಲ.

ಗೀರು ಬೀಳುತ್ತಿದ್ದದ್ದು ಯಾವಾಗಲೂ ಆಯಿಯ ಬದಿಗೆ. ಆಯಿ ದಪ್ಪಗಿದ್ದಳು. ಅದನ್ನು ಮನೆಯಲ್ಲಿ ಯಾರೂ ಮುಚ್ಚಿಡುತ್ತಿರಲಿಲ್ಲ, ಅವಳಂತೂ ಮೊದಲೇ ಇಲ್ಲ. “ನಾ ಇದ್ದೆ ಅಂದ್ರೆ ಕಾರಿಗೂ ಗೊತ್ತಾಗ್ಬೇಕು” ಎನ್ನುವಳು. ಅಜ್ಜಿಗೆ ಸೊಸೆಯನ್ನು ಬಿಟ್ಟು ಮಗನನ್ನು ಬೈಯುವ ಅವಕಾಶ ಅಪರೂಪ. ಆ ದಿನ ಸಿಗುತ್ತಿತ್ತು. “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇವಂದು ನೋಡಿದ್ರೆ ಹಾಸಿಗೆ ಸಣ್ಣದು, ಕಾಲು ಭಟ್ಕಳದಿಂದ ತತ್ತಾನೆ” ಎಂದು ಅವಳು ಹೇಳಿದರೆ ಆಯಿ ಹೊಟ್ಟೆ ಹಿಡಿದು ನಗುವಳು, ನಗುವಾಗ ಜಗಲಿಯ ಬೆಂಚೂ ಅಲುಗುತ್ತಿತ್ತು. ಅಪ್ಪ ಮಡ್ಗಾರ್ಡಿನ ಅಂಚನ್ನು ಸುತ್ತಿಗೆಯಿಂದ ಮೇಲಕ್ಕೆ ಬಡಿದು ಬಡಿದು ಮಡಚುವನು. ಕೆಲವೊಮ್ಮೆ ಅಷ್ಟಕ್ಕೆ ಹೊಂದುತ್ತಿತ್ತು. ಒಂದು ವರ್ಷ ಬಂದ ಜೋಡಿ ಮಾತ್ರ ಎಷ್ಟು ಬಡಿದರೂ ಹೊಂದಲಿಲ್ಲ. ಆಯಿ ಕೂತಾಗ ಟಯರಿಗೂ ತಗಡಿಗೂ ನಡುವೆ ಬೆರಳು ತೂರುತ್ತಿರಲಿಲ್ಲ. ಅದನ್ನು ಭಟ್ಕಳಕ್ಕೆ ವಾಪಸು ಕೊಡಲು ಹೋದಾಗ ನಾನೂ ಅಪ್ಪನ ಜೊತೆಗಿದ್ದೆ. ಇಕ್ಬಾಲ್ ಸಾಹೇಬರು ನಕ್ಕುಬಿಟ್ಟರು.

“ಭಾಬಿ ಬದಿಗೆ ತಾಗ್ತದಾ? ಹಂಗಾದ್ರೆ ಒಳ್ಳೇದಾಯ್ತು ಗಣಪಣ್ಣ. ನಿಮ್ಮ ಮನೆ ಚೆನ್ನಾಗಿ ನಡೀತಾ ಉಂಟು ಅಂತ ಅರ್ಥ. ಇದು ಇಲ್ಲೇ ಇರ್ಲಿ.”

ಅವರು ಆ ಜೋಡಿಯನ್ನು ಅಂಗಡಿಯ ಮಾಡಿನ ಕೊಕ್ಕೆಗೆ ತೂಗುಹಾಕಿದರು. ನನಗೆ ಒಣ ಖರ್ಜೂರ ಕೊಟ್ಟರು.

ಮೊನ್ನೆ ಮಗಳ ಕಾರಿನ ಟಯರು ಬದಲಿಸಲು ಹೊನ್ನಾವರದ ಅಂಗಡಿಯೊಂದಕ್ಕೆ ಹೋಗಿದ್ದೆವು. ಅವಳ ಕಾರಿನ ಅಳತೆಯದು ಮುಗಿದಿತ್ತು. ಬೇರೆ ಅಳತೆಯದು ಹಾಕಿದರೆ ಆಗುತ್ತದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯ ಹುಡುಗ ಫೋನಿನಲ್ಲಿ ಹಳೆಯ ಅಳತೆ, ಹೊಸ ಅಳತೆ ಎರಡನ್ನೂ ಒತ್ತಿ, ಬಾಯಲ್ಲಿದ್ದ ಚೂಯಿಂಗ್ ಗಮ್ ಜಗಿಯುವುದನ್ನೂ ನಿಲ್ಲಿಸದೆ, “ಆಗ್ತದೆ ಮೇಡಂ” ಎಂದ. ಸರಿಯಾಗಿಯೇ ಹೇಳಿದ್ದಾನೆ, ಟಯರು ಚೆನ್ನಾಗಿದೆ. ಆದರೆ ಕಾರಿನಲ್ಲಿ ಯಾರು ಯಾರು ಕೂರುತ್ತೀರಿ ಎಂದು ಅವನು ಕೇಳಲಿಲ್ಲ. ನನಗೆ ಅದೇಕೋ ಸಿಟ್ಟು ಬಂತು. ದಾರಿಯುದ್ದಕ್ಕೂ ಮಗಳ ಮೇಲೆ ಸಿಡುಕಿದೆ. ಅವಳು ಪಾಪ, ಎಂತ ಆತು ಎಂದು ಕೇಳಿ ಕೇಳಿ ಸುಮ್ಮನಾದಳು. ಅವಳಿಗೆ ಹೇಳದೆ ಇದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಯಿಗೆ ಕಾಯಿಲೆ ಎಂದು ನಮಗೆ ಮೊದಲು ತಿಳಿಸಿದ್ದು ಡಾಕ್ಟರಲ್ಲ, ಆ ಕೊಕ್ಕೆಗೆ ತೂಗುಹಾಕಿದ್ದ ಟಯರು.

ನಮ್ಮ ಮನೆಯಲ್ಲಿ ಊಟದ ಕ್ರಮ ಎಲ್ಲರ ಮನೆಯಂತೆಯೇ ಇತ್ತು. ಮೊದಲು ಅಪ್ಪ, ಜೊತೆಗೆ ನಾವು ಮಕ್ಕಳು, ಆಮೇಲೆ ಅಜ್ಜಿ, ಎಲ್ಲರದ್ದೂ ಆಗಿ ಪಾತ್ರೆಯಲ್ಲಿ ಉಳಿದದ್ದರೊಂದಿಗೆ ಆಯಿ. ಅವಳು ಉಣ್ಣುವ ಹೊತ್ತಿಗೆ ನಾವು ಶಾಲೆಯಲ್ಲೋ ಜಗಲಿಯಲ್ಲೋ ಇರುತ್ತಿದ್ದೆವು, ಅಜ್ಜಿ ಅಡ್ಡಾಗಿರುತ್ತಿದ್ದಳು. ಆಯಿ ಎಷ್ಟು ಉಂಡಳು, ಉಂಡಳೋ ಇಲ್ಲವೋ ಎಂದು ನೋಡಿದವರಿಲ್ಲ. ಅಪ್ಪ ತದಡಿಯ ಕಡೆ ಬಾಡಿಗೆಗೆ ಹೋದರೆ ಬಂಗುಡೆ ತರುತ್ತಿದ್ದ, ಬಳಚು ತರುತ್ತಿದ್ದ. ಬಳಚಿನ ಸುಕ್ಕ ಎಂದರೆ ಆಯಿಗೆ ಪ್ರಾಣ. ಆ ಜೋಡಿ ವಾಪಸು ಕೊಟ್ಟ ಮರುವರ್ಷ ಅವಳು ತನ್ನ ಪಾಲನ್ನೂ ನಮಗೇ ಬಡಿಸತೊಡಗಿದಳು. “ನಂಗೆ ಬೇಡ, ನೀವು ತಿನ್ನಿ” ಎನ್ನುವಳು. ತಾಯಂದಿರು ಹೇಳುವ ಮಾತೇ ಅದು. ಅದನ್ನು ನಾವು ಪ್ರೀತಿ ಎಂದುಕೊಂಡು ತಿಂದೆವು. ಅವಳು ಸೋಮವಾರದ ಜೊತೆಗೆ ಗುರುವಾರವೂ ಉಪವಾಸ ಹಿಡಿದಾಗ ಅಜ್ಜಿ ಹೆಮ್ಮೆಯಿಂದ ನಾಲ್ಕು ಜನರಿಗೆ ಹೇಳಿಕೊಂಡು ಬಂದಳು. ಹೊಟ್ಟೆಯಲ್ಲಿ ಅನ್ನ ನಿಲ್ಲುವುದಿಲ್ಲವೆಂದು ಆಯಿ ಯಾರಿಗೂ ಹೇಳಲಿಲ್ಲ. ದಿನವೂ ಕಣ್ಣೆದುರು ಇರುವವರ ಮೈ ಇಳಿದದ್ದು ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಅವಳು ಸೀರೆಯ ನೆರಿಗೆ ಹೆಚ್ಚು ಹಿಡಿದು, ಸೆರಗನ್ನು ಮೈತುಂಬ ಹೊದ್ದು ಓಡಾಡುತ್ತಿದ್ದಳು. ನಗುವುದು ಮಾತ್ರ ಮೊದಲಿನ ಹಾಗೇ ಇತ್ತು.

ಮಳೆ ಬಿಟ್ಟು ಚೌತಿ ಹತ್ತಿರ ಬಂದಾಗ ಹಿಂದಿನ ಎರಡು ಟಯರು ಬೋಳಾದವು. ಅಪ್ಪ ಭಟ್ಕಳಕ್ಕೆ ಹೋದ. ಬೇಕಾದ ಅಳತೆ ಆ ಸಲವೂ ಇರಲಿಲ್ಲ. ಇದ್ದದ್ದು ಹಿಂದಿನ ವರ್ಷ ವಾಪಸು ಕೊಟ್ಟ ಅದೇ ಜೋಡಿ. ಆಗುವುದಿಲ್ಲವೆಂದು ಗೊತ್ತಿದ್ದೂ ಅಪ್ಪ ಅದನ್ನೇ ತಂದ. ಅಂಚನ್ನು ಇನ್ನಷ್ಟು ಬಡಿದು ನೋಡುವ ಯೋಚನೆ ಅವನದು. ಬೆಳಿಗ್ಗೆ ಅಜ್ಜಿ ಸುಣ್ಣ ಕೊಟ್ಟಳು, ಅಪ್ಪ ಬಳಿದ, ಆಯಿ ಅವಲಕ್ಕಿ ಕಟ್ಟಿಕೊಂಡಳು. ಸೇತುವೆಯ ಗುದ್ದಿನಲ್ಲಿ ಆಯಿ “ಅಯ್ಯಪ್ಪ” ಎಂದು ಹೊಟ್ಟೆ ಒತ್ತಿಹಿಡಿದದ್ದನ್ನು ನಾನು ಕಂಡೆ. ಯಾವಾಗಲೂ ಹಾಗೇ ಕೂಗುತ್ತಿದ್ದಳಲ್ಲ ಎಂದು ನಕ್ಕೆ. ಅವಳೂ ನಕ್ಕಳು. ಮನೆಗೆ ಬಂದು ಅಪ್ಪ ಎಡಗಡೆ ತಲೆ ತೂರಿಸಿ ನೋಡಿದರೆ ಸುಣ್ಣ ಬಳಿದ ಹಾಗೇ ಇದೆ. ಕೈಬೆರಳ ಗುರುತು ಸಹ ಅಳಿಸಿಲ್ಲ.

ಅಕ್ಕ, ನಾನು ಚಪ್ಪಾಳೆ ತಟ್ಟಿ ಕುಣಿದೆವು. ಅಜ್ಜಿ ದೇವರಿಗೆ ಕಾಯಿ ಒಡೆಯಲು ಹೇಳಿದಳು. ಅಪ್ಪ ಮಾತ್ರ ಮತ್ತೊಂದು ಸಲ ಹೋಗೋಣವೆಂದ. ಮತ್ತೆ ಸೇತುವೆಯ ತನಕ ಹೋಗಿ ಬಂದೆವು. ಸುಣ್ಣ ಹಾಗೇ ಇತ್ತು, ನಾವಿಬ್ಬರೂ ಇಳಿದು ಮತ್ತೆ ಕುಣಿದೆವು. ಆಯಿ ಇಳಿಯಲು ಹೊರಟಾಗ ಅಪ್ಪ, “ಇಳೀಬೇಡ, ಕೂತ್ಕ” ಎಂದು ನೆಲಕ್ಕೆ ಮಂಡಿಯೂರಿ ಟಯರಿಗೂ ತಗಡಿಗೂ ನಡುವೆ ಕೈ ಹಾಕಿದ. ಬೆರಳು ಹೋಗದಿದ್ದ ಜಾಗದಲ್ಲಿ ಅವನ ಅಂಗೈ ಹೋಯಿತು. ಕೈಯನ್ನು ಅಲ್ಲೇ ಇಟ್ಟುಕೊಂಡು ಅವನು ಮುಖವೆತ್ತಿ ಕಿಟಕಿಯಲ್ಲಿ ಕೂತಿದ್ದ ಆಯಿಯನ್ನು ನೋಡಿದ. ಎಷ್ಟೋ ತಿಂಗಳಿನಿಂದ ನೋಡಿರದವನ ಹಾಗೆ ನೋಡಿದ.

“ನೀ ಎಲ್ಲಿ ಹೋದ್ಯೇ?” ಎಂದ.

“ಎಲ್ಲಿ ಹೋಗುದು? ಇಲ್ಲೇ ಇದ್ನಲ್ಲ” ಎಂದಳು ಆಯಿ.

ಅಪ್ಪ ಕಿಟಕಿಯೊಳಗಿಂದ ಅವಳ ಕೈ ಹಿಡಿದೆಳೆದ. ಸೆರಗು ಜಾರಿತು. ಹಸಿರು ಗಾಜಿನ ಬಳೆಗಳು ಕೈಯಿಂದ ಜಾರಿ ಬೀಳಬಾರದೆಂದು ಅವಳು ಅವುಗಳಿಗೆ ದಾರ ಸುತ್ತಿಕೊಂಡಿದ್ದಳು. ಮೊಣಕೈಯ ತನಕ ಎಲುಬು ಕಾಣುತ್ತಿತ್ತು. ಅಜ್ಜಿ ಮುಂದಿನ ಸೀಟಿನಿಂದ ತಿರುಗಿ ನೋಡಿ, ಬಾಯಲ್ಲಿದ್ದ ಕವಳವನ್ನು ಹೊರಗೆ ಉಗುಳಿ, “ಶಿವನೇ” ಎಂದಳು. ಅಕ್ಕನೂ ನಾನೂ ಕುಣಿಯುವುದನ್ನು ಯಾವಾಗ ನಿಲ್ಲಿಸಿದೆವೋ ನೆನಪಿಲ್ಲ. ಕಾರಿಗಿಂತ ಮೊದಲು ನಮಗೆ ಗೊತ್ತಾಗಬೇಕಿತ್ತು ಎಂಬ ಸಂಕಟ ನಮ್ಮ ಮನೆಯನ್ನು ಹೊಕ್ಕದ್ದು ಆ ಗಳಿಗೆಯಲ್ಲಿ. ಅದು ಆಮೇಲೆ ಹೊರಗೆ ಹೋಗಲೇ ಇಲ್ಲ.

ಅದೇ ಟಯರಿನ ಮೇಲೆ ಆಯಿಯನ್ನು ಮಣಿಪಾಲಕ್ಕೆ ಒಯ್ದರು. ಎಷ್ಟೋ ಮನೆಗಳ ರೋಗಿಗಳನ್ನು ಅಪ್ಪ ಆ ದಾರಿಯಲ್ಲಿ ಒಯ್ದಿದ್ದ. ಯಾವ ಹೊಂಡ ಎಲ್ಲಿದೆ, ಎಲ್ಲಿ ನಿಧಾನ ಮಾಡಿದರೆ ಮಲಗಿದವರಿಗೆ ಅಲುಗುವುದಿಲ್ಲ ಎಂದು ಅವನಿಗೆ ಬಾಯಿಪಾಠ. ದೊಡ್ಡ ಟಯರಿನಿಂದ ಕಾರು ಎತ್ತರಕ್ಕೆ ನಿಂತಿತ್ತು, ಹೊಂಡದಲ್ಲಿ ಮೊದಲಿನಷ್ಟು ಗುದ್ದುತ್ತಿರಲಿಲ್ಲ. “ತೊಟ್ಟಿಲ ಹಾಂಗೆ ಅದೆ” ಎಂದು ಆಯಿ ಒಮ್ಮೆ ಹೇಳಿದಳಂತೆ. ಹೊಟ್ಟೆಯೊಳಗೆ ಗಡ್ಡೆ ಇತ್ತು, ಕೊಯ್ದರು, ಕೊಯ್ದ ಮೇಲೆ ಕೈ ಚೆಲ್ಲಿದರು. ಹೋಗುವುದು ಬರುವುದು ನಡೆದೇ ಇತ್ತು. ಆ ನಡುವೆ ಅಪ್ಪ ಬಾಡಿಗೆ ಬಿಟ್ಟು ಮನೆಯಲ್ಲಿ ಕೂತು, ತಾನೇ ಕಲ್ಲು ಬಡಿದು, ಮರಳು ಹೊತ್ತು ಅಡುಗೆಮನೆಗೆ ಸಿಮೆಂಟು ಹಾಕಿದ. ಒಣಗಿದ ಮೇಲೆ ಆಯಿಯನ್ನು ಅಜ್ಜಿ ಒಂದು ಕಡೆ, ಅಕ್ಕ ಒಂದು ಕಡೆ ಹಿಡಿದು ಕರೆತಂದರು. ಅವಳು ಬರಿಗಾಲಲ್ಲಿ ಒಲೆಯಿಂದ ಹಿತ್ತಲ ಬಾಗಿಲ ತನಕ ನಡೆದಳು. ಕಾಲ್ಬೆರಳ ಸಂದಿ ಆಗ ಒಣಗಿತ್ತು.

“ತಂಪದೆ” ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, “ಬರೋ ವರ್ಷ ಬಂತು ನೋಡಿ” ಎಂದು ನಕ್ಕಳು.

ಅಪ್ಪನ ಬಾಯಿ ಆಗಲೂ ಮುಚ್ಚಿತು. ಆದರೆ ಅದನ್ನು ನೋಡಿ ಯಾರಿಗೂ ಖುಷಿಯಾಗಲಿಲ್ಲ. ಆ ನೆಲದ ಮೇಲೆ ಅವಳು ಅಡುಗೆ ಮಾಡಲಿಲ್ಲ. ಕೊನೆಯ ಸಲ ಮಣಿಪಾಲದಿಂದ ತರುವಾಗ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿ ತಂದರು. ಅವಳು ಮಲಗಿದ ಮೇಲೂ ಸೀಟಿನಲ್ಲಿ ಜಾಗ ಉಳಿದಿತ್ತು ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ.

ಆಯಿ ಹೋದ ಮೇಲೆ ಕಾರು ಬಹಳ ದಿನ ತನ್ನ ಒಳ್ಳೆಯ ಕೋಣೆಯಲ್ಲಿ ನಿಂತೇ ಇತ್ತು. ಕೋಳಿಗಳು ಅದರ ಅಡಿಯಲ್ಲಿ ಮೊಟ್ಟೆಯಿಟ್ಟವು. ಅಜ್ಜಿ ಅಡುಗೆ ಮಾಡುತ್ತಿದ್ದಳು, ಅಕ್ಕ ಬಡಿಸುತ್ತಿದ್ದಳು. ಅಪ್ಪ ಒಂದು ಕ್ರಮವನ್ನು ಮಾತ್ರ ಬದಲಿಸಿದ: ಎಲ್ಲರೂ ಒಟ್ಟಿಗೇ ಕೂರಬೇಕು. ಒಲೆಯ ಮೇಲೆ ಏನಿದ್ದರೂ ಇಳಿಸಿ ಬರಬೇಕು. ಉಣ್ಣುವಾಗ ಅವನು ತನ್ನ ಬಟ್ಟಲನ್ನು ನೋಡದೆ ನಮ್ಮ ಬಟ್ಟಲುಗಳನ್ನೇ ನೋಡುತ್ತಿದ್ದ. ನಾನು ಅನ್ನ ಬಿಟ್ಟರೆ ಗದರುತ್ತಿರಲಿಲ್ಲ, ಹೆದರುತ್ತಿದ್ದ. ಮದುವೆಯ ದಿನಗಳು ಶುರುವಾದಾಗ ಜನ ಬಂದು ಕಾರು ಕೇಳತೊಡಗಿದರು. ಹಿಂದಿನ ಟಯರು ಮಣಿಪಾಲದ ದಾರಿಯಲ್ಲಿ ಸವೆದು ಹೋಗಿದ್ದವು. ಅಪ್ಪ ಭಟ್ಕಳಕ್ಕೆ ಹೋಗಲು ಒಪ್ಪದಿದ್ದಾಗ ಇಕ್ಬಾಲ್ ಸಾಹೇಬರೇ ಬಸ್ಸಿನ ಮೇಲೆ ಒಂದು ಜೋಡಿ ಹೇರಿಸಿಕೊಂಡು ಬಂದರು. ಜಗಲಿಯಲ್ಲಿ ಕೂತು ಚಾ ಕುಡಿದರು.

“ಗಣಪಣ್ಣ, ಇದು ಇನ್ನೂ ಅಗಲ. ನಿಮ್ದು ಅಳತೆ ಸಿಗಲೇ ಇಲ್ಲ. ಆಗ್ತದಾ ನೋಡಿ” ಎಂದರು. ಅಪ್ಪನ ಬೆನ್ನ ಮೇಲೆ ಕೈಯಿಟ್ಟು ಎದ್ದು ಹೋದರು.

ಮರುದಿನ ಬೆಳಿಗ್ಗೆ ಅಜ್ಜಿ ಕೇಳುವ ಮೊದಲೇ ಸುಣ್ಣದ ಡಬ್ಬಿ ತಂದಿಟ್ಟಳು. ಅಪ್ಪ ಎರಡೂ ಬದಿಗೆ ಬಳಿದ, ತೆಂಗಿನಕಾಯಿ ತುಂಬಿಸಿದ. ಆಮೇಲೆ ಅಭ್ಯಾಸಬಲದಿಂದ ಹಿಂದಿನ ಎಡಗಡೆಯ ಬಾಗಿಲು ತೆರೆದು ಹಿಡಿದು ನಿಂತ. ಮತ್ತೆ ಮೆಲ್ಲಗೆ ಮುಚ್ಚಿದ. ಅಕ್ಕ, ನಾನು ಬಲಗಡೆಯಿಂದ ಹತ್ತಿದೆವು. ನಡುವೆ ಕೂರಬೇಕಾದ ಅಕ್ಕ ನನ್ನನ್ನು ಒತ್ತಿಕೊಂಡು ಬಲಕ್ಕೇ ಕೂತಳು. ನಾನೂ ಬಾಗಿಲಿಗೆ ಅಂಟಿಕೊಂಡೆ. ಅತ್ತ ಅರ್ಧ ಸೀಟು ಖಾಲಿ. ಯಾರೂ ಅವಲಕ್ಕಿ ಕಟ್ಟಿರಲಿಲ್ಲ. ಧಾರೇಶ್ವರ ದಾಟುವಾಗ ನನ್ನ ಅಡಿಯಿಂದ ಗರಗರ ಎಂದು ಸದ್ದು ಬಂತು. ಅಪ್ಪ ಕಾರು ನಿಲ್ಲಿಸಿ ಇಳಿದು ನೋಡಿದ. ಬಲಗಡೆ, ಎಂದೂ ಗೀರು ಬಿದ್ದಿರದ ನಮ್ಮ ಬದಿಯಲ್ಲಿ, ಸುಣ್ಣ ಒರೆಸಿಹೋಗಿತ್ತು.

“ಎಲ್ಲಾ ಭಾರ ಒಂದೇ ಬದಿಗೆ ಆತು. ಸರ್ಕೊಳ್ರೇ ಮಕ್ಕಳೇ, ಅತ್ಲಾಗೆ ಸರ್ಕೊಳ್ಳಿ” ಎಂದ ಅಪ್ಪ.

ನಾವಿಬ್ಬರೂ ಅಲುಗಲಿಲ್ಲ. ಅಪ್ಪ ಕಿಟಕಿ ಹಿಡಿದು ನಿಂತಿದ್ದ. ಅಜ್ಜಿ ಹಿಂದೆ ತಿರುಗದೆಯೇ, “ಶಾಂತಿ, ನೀ ಹೋಗೇ” ಎಂದಳು. ನಾನು ಅಕ್ಕನ ಮೊಣಕಾಲು ದಾಟಿ ಆಯಿಯ ಜಾಗಕ್ಕೆ ಹೋದೆ. ಅವಳು ಕೂತು ಕೂತು ಅಲ್ಲಿನ ಸ್ಪ್ರಿಂಗು ಕುಸಿದು ಸೀಟು ತಗ್ಗಾಗಿತ್ತು. ನಾನು ಅದರೊಳಗೆ ಇಳಿದುಹೋದೆ, ಕಿಟಕಿಯಿಂದ ಹೊರಗೆ ಆಕಾಶ ಬಿಟ್ಟು ಬೇರೇನೂ ಕಾಣಲಿಲ್ಲ. ಅಳು ಬಂತು. ಅತ್ತೆ. ಸೇತುವೆಯ ಗುದ್ದಿನಲ್ಲಿ ಅಪ್ಪ ಆ ದಿನ ಜೋರಾಗಿ ಹತ್ತಿಸಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಬಲಗಡೆ ನೋಡಿದ, ಹೊಸ ಗೀರು ಇರಲಿಲ್ಲ. ಎಡಗಡೆಗೆ ಬಂದು ಮಡ್ಗಾರ್ಡಿನ ಒಳಗೆ ತಲೆ ತೂರಿಸಿದ. ನಾನು ಆಯಿಯ ಜಾಗದಲ್ಲೇ ಕೂತಿದ್ದೆ. ಬಗ್ಗಿ ನೋಡಿದರೆ ಅವನ ಬೆನ್ನು, ಕಾಲು ಮಾತ್ರ ಕಾಣುತ್ತಿತ್ತು. ಬ್ಯಾಟರಿ ನೆಲದ ಮೇಲೆ ಬಿದ್ದಿತ್ತು, ಅದರ ಬೆಳಕು ಸಿಮೆಂಟಿನ ಮೇಲೆ ಹರಿದಿತ್ತು. ಅವನು ಹೊರಗೆ ಬರಲಿಲ್ಲ. ಬೆನ್ನು ಅಲುಗುತ್ತಿತ್ತು. ಅಕ್ಕ ನನ್ನ ಕೈ ಹಿಡಿದುಕೊಂಡಳು. ಕೊನೆಗೆ ಅವನು ತಲೆ ಹೊರಗೆ ತೆಗೆದಾಗ ಕೂದಲು, ಹಣೆ, ಕೆನ್ನೆ ಎಲ್ಲ ಬಿಳಿ ಸುಣ್ಣ. ಅಜ್ಜಿ ಇಳಿದು ಬಂದು ಸೆರಗಿನ ತುದಿಯಿಂದ, ಚಿಕ್ಕ ಮಗುವಿಗೆ ಒರೆಸುವ ಹಾಗೆ, ಅವನ ಮುಖ ಒರೆಸಿದಳು.

“ಎಂತ ಆತಾ? ಟಯರು ಆಗ್ತದಾ, ಇಲ್ಲಾ?” ಎಂದು ಕೇಳಿದಳು.

“ಆಗ್ತದೆ” ಎಂದ ಅಪ್ಪ. “ಇನ್ನು ಯಾವ ಟಯರಾದ್ರೂ ಆಗ್ತದೆ.”